ಕಾಲಿನ ನೆತ್ತರು, ಕರುಳಿನ ಬದು

ಹುಲ್ಲೇನಕೊಪ್ಪಲಿನ ತಾಲ್ಲೂಕು ಆಸ್ಪತ್ರೆಗೆ ಮರುಹರಿವಿನ ಯಂತ್ರ ಬಂದ ಮೇಲೆ ಆ ಸೀಮೆಯಲ್ಲಿ ಕೈಕಾಲು ಕತ್ತರಿಸುವುದು ನಿಂತೇಹೋಗಿತ್ತು. ಕಬ್ಬಿನ ಸೀಮೆ ಅದು. ಆಲೆಮನೆಯ ಗಾಣಕ್ಕೆ ಕೈ ಕೊಟ್ಟವರು, ಕಬ್ಬಿನ ಟ್ರೇಲರ್ ಅಡಿಗೆ ಕಾಲು ಕೊಟ್ಟವರು ವರ್ಷಕ್ಕೆ ಹದಿನೈದು ಮಂದಿಯಾದರೂ ಇದ್ದೇ ಇರುತ್ತಿದ್ದರು. ಹಿಂದೆಲ್ಲ ಅಂಥವರನ್ನು ದೊಡ್ಡ ಊರಿಗೆ ಸಾಗಿಸುವುದರೊಳಗೆ ನೆತ್ತರಿಲ್ಲದೆ ಅಂಗ ಕಪ್ಪಾಗಿ, ಡಾಕ್ಟರು ಗರಗಸ ಹಿಡಿಯಬೇಕಾಗುತ್ತಿತ್ತು. ಈಗ ಜಜ್ಜಿದ ಕಾಲನ್ನು ತಣ್ಣನೆಯ ತೊಟ್ಟಿಯಲ್ಲಿಟ್ಟು, ಹೆಪ್ಪು ಕರಗಿಸಿ, ಹರಿದ ನಾಳಗಳನ್ನು ಸಣ್ಣ ಕೊಳವೆಗಳಿಂದ ಜೋಡಿಸಿ, ಯಂತ್ರವೇ ನೆತ್ತರು ಹರಿಸುತ್ತಿತ್ತು. ಕೊನೆಗೆ ಯಾರಾದರೂ ಹಸಿರು ಗುಂಡಿ ಒತ್ತಿದರಾಯಿತು. ಬೂದಿಬಣ್ಣದ ಕಾಲು ಅರ್ಧ ಗಂಟೆಯಲ್ಲಿ ಕೆಂಪೇರುವುದನ್ನು ನೋಡಲು ಮನೆಮಂದಿಯೆಲ್ಲ ಗಾಜಿನಾಚೆ ಕೈಮುಗಿದು ನಿಲ್ಲುತ್ತಿದ್ದರು. ಯಂತ್ರಕ್ಕೇ ಊದುಬತ್ತಿ ಹಚ್ಚಲು ಹೋಗಿ ಬೈಸಿಕೊಂಡವರೂ ಉಂಟು.

ಆ ಗುಂಡಿ ಒತ್ತುವವರು ಇಬ್ಬರು, ಪಾಳಿಯ ಮೇಲೆ. ಒಬ್ಬಳು ನಿಂಗಾಜಮ್ಮ, ನಲವತ್ತಾರು ವರ್ಷದ ಹೆಂಗಸು. ಇನ್ನೊಬ್ಬ ಲೋಹಿತ, ಇಪ್ಪತ್ತೊಂಬತ್ತರವನು. ಲೋಹಿತನಿಗೆ ಯಂತ್ರದ ಕೈಪಿಡಿ ಬಾಯಿಪಾಠ. ಅದರಲ್ಲಿ ಏನು ಬರೆದಿದೆಯೋ ಅದನ್ನು ಒಂದು ಕ್ಷಣ ಹಿಂದಿಲ್ಲ, ಒಂದು ಕ್ಷಣ ಮುಂದಿಲ್ಲ ಎಂಬಂತೆ ಮಾಡುತ್ತಿದ್ದ. ನಿಂಗಾಜಮ್ಮನದು ಬೇರೆಯೇ ದಾರಿ. ಕರೆಂಟು ಕೈಕೊಟ್ಟರೆ ಇರಲಿ ಎಂದು ಯಂತ್ರದ ಪಕ್ಕದಲ್ಲಿ ಒಂದು ಕೈಚಕ್ರ ಇಟ್ಟಿದ್ದರು. ಅವಳು ಗುಂಡಿ ಬಿಟ್ಟು ಆ ಚಕ್ರ ಹಿಡಿಯುತ್ತಿದ್ದಳು. ಸ್ವಲ್ಪ ತೆರೆದು, ಮುಚ್ಚಿ, ಇನ್ನೂ ಸ್ವಲ್ಪ ತೆರೆದು, ಮತ್ತೆ ಮುಚ್ಚಿ, ಹೀಗೆ ಐದಾರು ಸಲ ಆಟವಾಡಿಸಿದ ಮೇಲೆಯೇ ಗುಂಡಿಗೆ ಕೈ ಹಾಕುತ್ತಿದ್ದಳು. ಯಂತ್ರ "ಹರಿವು ಅಪೂರ್ಣ, ಹರಿವು ಅಪೂರ್ಣ" ಎಂದು ಸೊಸೆಯನ್ನು ಬೈಯುವ ಅತ್ತೆಯ ಹಾಗೆ ಒದರುತ್ತಿತ್ತು. ಇದಕ್ಕಾಗಿ ಅವಳಿಗೆ ಮೂರು ನೋಟೀಸು ಬಂದಿದ್ದವು. ಮೂರನ್ನೂ ಮಡಿಸಿ ಸಾಂಬಾರ್ ಪುಡಿ ಡಬ್ಬಿಯ ಕೆಳಗಿಟ್ಟಿದ್ದಳು.

ಎಲ್ಲವೂ ಚೆನ್ನಾಗಿತ್ತು, ಒಂದನ್ನು ಬಿಟ್ಟು. ಕಾಲು ಉಳಿಸಿಕೊಂಡವರಲ್ಲಿ ಕೆಲವರಿಗೆ ಎರಡನೆಯ ದಿನ ಹೊಟ್ಟೆ ಉಬ್ಬಿ, ಜ್ವರವೇರಿ, ಮೂರನೆಯ ದಿನ ಉಸಿರು ನಿಲ್ಲುತ್ತಿತ್ತು. ನಾಲ್ಕು ವರ್ಷದಲ್ಲಿ ಅರವತ್ತೊಂದು ಮಂದಿಗೆ ಯಂತ್ರ ಹಾಕಿದ್ದರು, ಒಂಬತ್ತು ಮಂದಿ ಹೀಗೆ ಹೋದರು. ಕಾಲು ಮುಟ್ಟಿ ನೋಡಿದರೆ ಬೆಚ್ಚಗಿತ್ತು. ಕಾಲು ಬದುಕಿತ್ತು, ಮನುಷ್ಯ ಸತ್ತಿದ್ದ. ಆಸ್ಪತ್ರೆಯವರು ಊಟದ ದೋಷ ಅಂದರು, ನೀರಿನ ದೋಷ ಅಂದರು. ಮನೆಯವರು ಹಣೆಬರಹ ಅಂದು ಸುಮ್ಮನಾದರು. ಕಾಲಿಗೂ ಕರುಳಿಗೂ ಏನು ನಂಟು ಎಂದು ಯಾರೂ ಕೇಳಲಿಲ್ಲ.

ಕೇಳಿದವಳು ಡಾಕ್ಟರ್ ತಸ್ಲೀಮಾ ನದಾಫ್. ಗದಗಿನ ಕಡೆಯ ಹೆಣ್ಣುಮಗಳು, ಕರುಳಿನ ವೈದ್ಯೆ. ಇಲ್ಲಿಗೆ ಬಂದು ಆರು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಯಂತ್ರದ ದಾಖಲೆಗಳ ಕಟ್ಟನ್ನೇ ಹೊತ್ತು ನಿಯಂತ್ರಣ ಕೋಣೆಗೆ ಬಂದಳು. ಅದನ್ನು ನೋಡಿದ್ದೇ ನಿಂಗಾಜಮ್ಮ ಕೈಚಕ್ರದಿಂದ ದೂರ ಸರಿದು ನಿಂತಳು. ನಾಲ್ಕನೆಯ ನೋಟೀಸು ಮನೆಗೆ ಕಳಿಸುವ ನೋಟೀಸೇ ಎಂದು ಅವಳಿಗೆ ಗೊತ್ತಿತ್ತು.

"ನಿಂಗಾಜಮ್ಮಾರ, ನೀವು ಹಸಿರು ಗುಂಡಿ ಒತ್ತಂಗಿಲ್ಲ, ಹೌದಿಲ್ರೀ?"

"ಒತ್ತೀನಿ ಮೇಡಂ. ಒಸಿ ತಡವಾಗಿ ಒತ್ತೀನಿ ಅಷ್ಟೇ."

"ಅದಕ್ಕೂ ಮೊದಲ ಚಕ್ರ ತಿರುವತೀರಿ. ತಗೀತೀರಿ, ಮುಚ್ಚತೀರಿ. ನಿಮ್ಮ ಪಾಳಿಯ ಮೂವತ್ತು ಮಂದಿಗೂ ಹಂಗ ಮಾಡೀರಿ. ಎಲ್ಲಾ ಇದರಾಗ ಬರದೈತಿ."

"ಕೆಲ್ಸದಿಂದ ತೆಗ್ದ್ ಬುಡ್ತೀರಾ ಮೇಡಂ?"

"ತಗಿಯೂದಂದ್ರೇನ್ರೀ! ನಿಮ್ಮ ಮೂವತ್ತು ಮಂದಿಯೊಳಗ ಒಬ್ರಿಗೂ ಹೊಟ್ಟಿ ಉಬ್ಬಿಲ್ಲ. ಸತ್ತ ಒಂಬತ್ತೂ ಲೋಹಿತ ಅವರ ಪಾಳಿಯವು."

ನಿಂಗಾಜಮ್ಮನಿಗೆ ಮೊದಲು ಹೋದ ಜೀವ ಬಂದಂತಾಯಿತು. ಆಮೇಲೆ ಲೋಹಿತನ ನೆನಪಾಯಿತು. ಅವನು ಬಾಗಿಲಲ್ಲೇ ನಿಂತಿದ್ದ. ಪಾಳಿ ಬದಲಾಯಿಸಲು ಬಂದವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕೈಲಿದ್ದ ಊಟದ ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಟುಹೋದ.

ತಸ್ಲೀಮಾ ನಾಲಗೆ ಕಚ್ಚಿಕೊಂಡಳು. ಅವಳು ಒಳ್ಳೆಯವಳು, ಆದರೆ ಲೆಕ್ಕಾಚಾರದ ಗುಂಗಿನಲ್ಲಿದ್ದಾಗ ಎದುರಿಗೆ ಯಾರಿದ್ದಾರೆ ಎಂಬುದೇ ಅವಳಿಗೆ ಕಾಣುತ್ತಿರಲಿಲ್ಲ. ತಗ್ಗಿದ ದನಿಯಲ್ಲಿ ವಿಷಯ ಬಿಡಿಸಿ ಹೇಳಿದಳು. ನೆತ್ತರು ನಿಂತ ಕಾಲಿನಲ್ಲಿ ಗಂಟೆಗಟ್ಟಲೆ ಕೊಳೆ ಸೇರಿಕೊಳ್ಳುತ್ತದೆ, ಹುಳಿ, ವಿಷ ಎಲ್ಲವೂ. ಒಮ್ಮೆಗೇ ನೆತ್ತರು ಬಿಟ್ಟರೆ ಅದಷ್ಟೂ ತೊಳೆದುಕೊಂಡು ಮೈಗೆ ನುಗ್ಗುತ್ತದೆ. ನೆತ್ತರಲ್ಲಿರುವ ಕಾವಲು ಕಣಗಳು ಅದನ್ನು ಕಂಡು ರೊಚ್ಚಿಗೆದ್ದು, ಸಿಕ್ಕಿದ್ದನ್ನೆಲ್ಲ ಸುಡಲು ಶುರು ಮಾಡುತ್ತವೆ. ಅವುಗಳ ಕೈಗೆ ಮೊದಲು ಸಿಗುವುದು ಕರುಳು. ಕರುಳಿನ ಒಳಗೋಡೆ ಒಂದೇ ಒಂದು ಜೀವಕೋಶದಷ್ಟು ದಪ್ಪ. ಆ ಗೋಡೆಯ ಈಚೆ ನೆತ್ತರು, ಆಚೆ ಕೋಟಿಗಟ್ಟಲೆ ರೋಗಾಣು. ಗೋಡೆ ಸಡಿಲವಾದರೆ ಆಚೆಯದು ಈಚೆಗೆ ಸೋರುತ್ತದೆ.

"ನೀವು ತಗದು ಮುಚ್ಚಿ ಮಾಡಿದ್ದಕ್ಕ ಆ ವಿಷ ಸ್ವಲ್ಪ ಸ್ವಲ್ಪ ಬಂತು, ಮೈ ಅದನ್ನ ತಡಕೊಂತು. ಆದರ ನಿಮಗ ಇದನ್ನ ಹೇಳಿಕೊಟ್ಟವರು ಯಾರ್ರೀ?"

"ಯಾರೂ ಯೋಳ್ಕೊಟ್ಟಿಲ್ಲ ಮೇಡಂ. ನಮ್ಮಪ್ಪ ನೀರುಗಂಟಿ. ಒಣಗಿದ ಕಾಲುವೆಗೆ ಒಂದೇ ಸಲ ತೂಬು ಎತ್ತುದ್ರೆ ಅವನು ಬೆನ್ನು ಮುರ್ದ್ ಹಾಕ್ತಿದ್ದ. ಸಣ್ಣೋಳಾಗಿದ್ದಾಗ ಅವನ ಜೊತೇಲಿ ತೂಬು ತಿರುಗ್ಸಿ ತಿರುಗ್ಸಿ, ಕೈ ಅದಾಗದೇ ಹಂಗೆ ಹೋಯ್ತದೆ."

ತಸ್ಲೀಮಾ ಅಂದೇ ಸಂಜೆ ನೀರುಗಂಟಿಯನ್ನು ನೋಡಲು ಅವಳ ಜೊತೆ ಹೊರಟಳು.

ನಿಂಗಾಜಮ್ಮನ ಅಪ್ಪನ ಹೆಸರು ಚಿಕ್ಕಹೈದಯ್ಯ. ಎಪ್ಪತ್ತಾರು ವರ್ಷವಾಗಿದ್ದರೂ ಹೆಸರಲ್ಲಿನ್ನೂ ಚಿಕ್ಕ ಹೈದ, ಅಂದರೆ ಸಣ್ಣ ಹುಡುಗನೇ. ನಲವತ್ತು ವರ್ಷ ಊರಿನ ಗದ್ದೆಗಳಿಗೆ ನೀರು ಹಂಚಿದವನು. ಈಗ ತೂಬುಗಳನ್ನೆಲ್ಲ ದೂರದ ಯಾವುದೋ ಕಚೇರಿಯಿಂದ ಕಂಪ್ಯೂಟರ್ ಎತ್ತಿ ಇಳಿಸುತ್ತಿತ್ತು. ಮುದುಕ ಮಾತ್ರ ದಿನಾ ಕಾಲುವೆ ಏರಿಯ ಮೇಲೆ ಒಂದು ಸುತ್ತು ಹಾಕಿ, ಆ ಕಂಪ್ಯೂಟರನ್ನು ಹೆಸರಿಡದೆ ಬೈದು ಬರುತ್ತಿದ್ದ. ಅಳಿಯ, ಅಂದರೆ ನಿಂಗಾಜಮ್ಮನ ಗಂಡ ಶಿವಮಾದು, ಅಂದು ಮುದ್ದೆಗೆ ಖಾರದ ಉಪ್ಪೆಸರು ಮಾಡಿದ್ದ. ಡಾಕ್ಟರಮ್ಮ ಮುದ್ದೆಯನ್ನು ರೊಟ್ಟಿಯಂತೆ ಅಗಿಯತೊಡಗಿದಳು. ಅದು ಹಲ್ಲಿಗೂ ಅಂಗುಳಿಗೂ ಅಂಟಿಕೊಂಡು ಮಾತೇ ಹೊರಡದಂತಾಯಿತು.

"ಅಯ್ಯೋ, ಮುದ್ದೆ ಅಗೀಬಾರ್ದು ಕಣವ್ವ! ಸಾರಲ್ಲಿ ಹೊಳ್ಳಾಡ್ಸಿ ಗುಳುಂ ಅಂತ ನುಂಗ್ಬುಡು. ಅದ್ರ ದಾರಿ ಅದ್ಕೆ ಗೊತ್ತದೆ," ಎಂದು ಚಿಕ್ಕಹೈದಯ್ಯ ನಕ್ಕ.

ತಸ್ಲೀಮಾ ನುಂಗಿದಳು, ನೀರು ಕುಡಿದಳು, ಆಮೇಲೆ ತೂಬಿನ ವಿಷಯ ಕೇಳಿದಳು. ಮುದುಕನಿಗೆ ಅಷ್ಟೇ ಬೇಕಾಗಿತ್ತು. ಊಟದ ಕೈ ಒಣಗುವವರೆಗೂ ಮಾತಾಡಿದ.

"ಮೊದಲ್ನೇ ನೀರು ಅನ್ನದು ಕಸ, ಕಡ್ಡಿ, ಸತ್ತ ಏಡಿ ಎಲ್ಲಾನೂ ಹೊತ್ಕೊಂಡ್ ಬತ್ತದೆ. ಅದ್ನ ಗದ್ದೆಗೆ ಬುಡ್ಬಾರ್ದು, ಪಕ್ಕದ ಹಳ್ಳಕ್ಕೆ ಬುಡ್ಬೇಕು. ತೂಬ ಒಂದು ಗೇಣು ಎತ್ತು, ಇಳ್ಸು, ಮತ್ತೆ ಎತ್ತು. ಅಷ್ಟು ಮಾಡುದ್ರೂ ಒಡ್ದೋಗೋದು ಎಲ್ಲಿ ಯೋಳಿ? ತೂಬಿನ್ ತಾವಲ್ಲ. ಕಟ್ಟಕಡೇ ಗದ್ದೆ ಬದು. ಅದು ಒಣಗಿ ಬಿರುಕು ಬಿಟ್ಕಂಡ್ ಕುಂತಿರ್ತದೆ. ಅದ್ಕೆ ನಾನು ನೀರು ಬುಡೋ ದಿನ ಎಲ್ರಿಗಿಂತ ಮೊದ್ಲು ಹೋಗಿ, ಬಾವಿ ನೀರು ನಾಕು ಕೊಡ ಹೊತ್ತು, ಆ ಬದು ನೆನ್ಸಿ ತುಳೀತಿದ್ದೆ. ನೆನ್ಸೋದು, ಆರೋಕ್ ಬುಡೋದು, ಮತ್ತೆ ನೆನ್ಸೋದು. ಆಮ್ಯಾಲೆ ಕಾಲುವೆ ನೀರು ಬಂದ್ರೆ ಜಪ್ಪಯ್ಯ ಅಂದ್ರೂ ಒಡಿಯಾಕಿಲ್ಲ."

ತಸ್ಲೀಮಾಳ ಕೈಲಿದ್ದ ತುತ್ತು ಕೈಲೇ ಉಳಿಯಿತು. ಓದುವಾಗ ಎಲ್ಲೋ ಕಂಡ ಹಳೆಯ ಸಂಶೋಧನೆಯೊಂದು ಅವಳಿಗೆ ನೆನಪಾಗಿತ್ತು. ಚೆನ್ನಾಗಿರುವ ತೋಳಿಗೆ ಬಿ.ಪಿ. ನೋಡುವ ಪಟ್ಟಿ ಬಿಗಿದು, ಐದು ನಿಮಿಷ ನೆತ್ತರು ತಡೆದು, ಐದು ನಿಮಿಷ ಬಿಟ್ಟು, ಹೀಗೆ ನಾಲ್ಕು ಸಲ ಮಾಡಿದರೆ ಮೈಗೆಲ್ಲ ಸಣ್ಣದೊಂದು ಎಚ್ಚರಿಕೆ ಹೋಗುತ್ತದೆ. ದೊಡ್ಡ ಏಟು ಬೀಳುವ ಮೊದಲೇ ಕರುಳು ಗಟ್ಟಿಯಾಗಿ ನಿಲ್ಲುತ್ತದೆ.

"ಅಜ್ಜಾರ, ನೀವು ಕೊನೀ ಬದುವಿಗೆ ಮೊದಲ ಸುದ್ದಿ ಮುಟ್ಟಸ್ತಿದ್ರಿ. ನಾವೂ ಕರುಳಿಗೆ ಹಂಗ ಸುದ್ದಿ ಮುಟ್ಟಸಬೇಕು," ಎಂದಳು.

"ಕರುಳಿಗೆ ಸುದ್ದಿ ಮುಟ್ಸೋಕೆ ಉಪ್ಪೆಸರೇ ಸಾಕು ಬುಡವ್ವ," ಎಂದ ಚಿಕ್ಕಹೈದಯ್ಯ.

ಮರುದಿನದಿಂದ ತಸ್ಲೀಮಾ ಮೇಲಿನವರ ಒಪ್ಪಿಗೆಗಾಗಿ ಕಾಗದದ ಮೇಲೆ ಕಾಗದ ಬರೆದಳು. ಅಂದಿನಿಂದ ರಜೆ ಹಾಕಿದ್ದ ಲೋಹಿತ ಮರಳಿ ಬಂದ, ಆದರೆ ಯಂತ್ರ ಮುಟ್ಟಲಿಲ್ಲ. ದಾಖಲೆ ವಿಭಾಗಕ್ಕೆ ವರ್ಗ ಕೇಳಿ ಅರ್ಜಿ ಕೊಟ್ಟ. ಅವನ ಪಾಳಿಯನ್ನೂ ನಿಂಗಾಜಮ್ಮನೇ ಎಳೆದಳು. ಒಂದು ದಿನ ಅವನನ್ನು ಮೆಟ್ಟಿಲ ಮೇಲೆ ಹಿಡಿದು ಕೂರಿಸಿದಳು.

"ನೀನು ಪುಸ್ತಕದಲ್ಲಿದ್ದುದ್ನೇ ಮಾಡ್ದೆ ಕಣಪ್ಪ. ತಪ್ಪು ಪುಸ್ತಕದ್ದು."

"ಪುಸ್ತಕದ ಕೈಯಿಂದ ಯಾರೂ ಸತ್ತಿಲ್ಲ ಅಕ್ಕ. ನನ್ನ ಕೈಯಿಂದ ಸತ್ರು. ಒಂಬತ್ತು ಜನರ ಹೆಸರೂ ಗೊತ್ತು ನಂಗೆ."

ನಿಂಗಾಜಮ್ಮ ತನ್ನ ಡಬ್ಬಿಯಲ್ಲಿದ್ದ ಕಜ್ಜಾಯ ತೆಗೆದು ಅವನ ಕೈಗಿಟ್ಟಳು. ಅವನು ಅದನ್ನು ತಿನ್ನದೆ ಹಿಡಿದುಕೊಂಡೇ ಕುಳಿತಿದ್ದ.

ಒಪ್ಪಿಗೆ ಬಂದ ವಾರವೇ ಕಾಲುವೆಗೆ ನೀರು ಬಿಡುವ ದಿನವೂ ಬಂತು. ಚಿಕ್ಕಹೈದಯ್ಯನಿಗೆ ಯಾರೂ ಹೇಳಿರಲಿಲ್ಲ, ಕೇಳಿರಲಿಲ್ಲ. ಆದರೂ ಬೆಳಗ್ಗೆ ಆರಕ್ಕೆಲ್ಲ ಕೊಡ ಹೊತ್ತು ಕೊನೆಯ ಗದ್ದೆಗೆ ಹೋಗಿದ್ದ. ಅವನು ಬದು ನೆನೆಸುವ ಮೊದಲೇ ದೂರದ ಕಂಪ್ಯೂಟರ್ ಯಾವ ಗೇಣು ಮೊಳದ ಲೆಕ್ಕವೂ ಇಲ್ಲದೆ ತೂಬನ್ನು ಪೂರಾ ಎತ್ತಿತು. ಒಣಗಿದ ಕಾಲುವೆಯಲ್ಲಿ ನೀರು ಕಟ್ಟು ಕಳಚಿದ ಹೋರಿಯಂತೆ ನುಗ್ಗಿ ಬಂದು ಕೊನೆಯ ಮೋರಿಗೆ ಬಡಿಯಿತು. ಮೋರಿಯ ಚಪ್ಪಡಿ ಕುಸಿದು ಮುದುಕನ ಬಲಗಾಲಿನ ಮೇಲೆ ಕುಳಿತಿತು. ಬದು ಒಡೆದು ನೀರು ಪಕ್ಕಕ್ಕೆ ಹೋದದ್ದರಿಂದ ಮುಳುಗಲಿಲ್ಲ, ಅಷ್ಟೇ ಪುಣ್ಯ. ಮನೆಯವರು ಟೀ ಅಂಗಡಿಯಲ್ಲಿರಬೇಕು ಅಂದುಕೊಂಡರು, ಟೀ ಅಂಗಡಿಯವರು ಮನೆಯಲ್ಲಿರಬೇಕು ಅಂದುಕೊಂಡರು. ಹನ್ನೊಂದು ಗಂಟೆಗೆ ಶಿವಮಾದು ಹುಡುಕಿಕೊಂಡು ಹೋದಾಗ ಮಂಡಿಯ ಕೆಳಗೆ ಕಾಲು ನೆತ್ತರಿಲ್ಲದೆ ಐದು ಗಂಟೆಯಾಗಿತ್ತು.

ಆಸ್ಪತ್ರೆಯಲ್ಲಿ ತಸ್ಲೀಮಾ ಏನನ್ನೂ ಮುಚ್ಚಿಡಲಿಲ್ಲ.

"ಕಾಲು ತಗದ್ರ ಅಜ್ಜಾರ ಜೀವ ಉಳೀತೈತಿ ಅಂತ ಎದಿ ಮುಟ್ಟಿ ಹೇಳ್ತೀನಿ. ನೆತ್ತರ ಬಿಟ್ರ ಹೇಳಾಕ ಆಗಂಗಿಲ್ಲ. ವಯಸ್ಸಾದ ಕರುಳು, ಐದು ತಾಸು ಬ್ಯಾರೆ ಆಗೈತಿ. ತೋಳಿನ ಪಟ್ಟಿಗೆ ಒಪ್ಪಿಗಿ ಸಿಕ್ಕೈತಿ ಖರೆ, ಆದರ ಇಲ್ಲೀತನಕ ಯಾರ ಮ್ಯಾಲೂ ಮಾಡಿಲ್ರೀ."

ಚಿಕ್ಕಹೈದಯ್ಯನಿಗೆ ಪ್ರಜ್ಞೆ ಇತ್ತು. ನಾಲಗೆಯೂ ಇತ್ತು.

"ಬದು ನೆನ್ಸೋ ಕೆಲ್ಸ ನಿಮ್ಗೆ ಯೋಳ್ಕೊಟ್ಟಿದ್ದು ಯಾರು?"

"ನೀವ ಅಜ್ಜಾರ."

"ಮತ್ತೆ ನನ್ನ ಮ್ಯಾಲೆ ಮಾಡೋಕೆ ಇನ್ಯಾರ್ನ ಕೇಳೀರಿ? ಮಾಡಿ. ನಂಗೆ ಕಾಲೂ ಬೇಕು, ಪ್ರಾಣಾನೂ ಬೇಕು. ಯಾವ್ದಾರ ಒಂದೇ ಅಂತಂದ್ರೆ ಆಮ್ಯಾಲೆ ಜಗಳ ಆಡೋವ."

ಇನ್ನೊಂದು ತೊಡಕಿತ್ತು. ರೋಗಿಯ ನೆಂಟರು ಯಂತ್ರ ನಡೆಸಲು ಕೂರುವಂತಿರಲಿಲ್ಲ, ಅದು ಆಸ್ಪತ್ರೆಯ ಕಟ್ಟುನಿಟ್ಟಿನ ನಿಯಮ. ಉಳಿದವನು ಲೋಹಿತ ಒಬ್ಬನೇ. ಕರೆಸಿದಾಗ ಬಂದ, ಆದರೆ ಬಾಗಿಲು ದಾಟಲಿಲ್ಲ.

"ಅಕ್ಕ, ನನ್ನ ಕೈಯಲ್ಲಿ ಬೇಡ. ನಿಮ್ಮಪ್ಪನ್ನೂ ನಾನೇ..." ಎಂದ.

ನಿಂಗಾಜಮ್ಮನಿಗೂ ಒಳಗೊಳಗೇ ಅದೇ ಭಯವಾಯಿತು. ಸುಳ್ಳೇಕೆ, ಒಂದು ಗಳಿಗೆ ಅವನ ಕೈಗಳನ್ನು ನೋಡಿ ಅವಳೇ ಒಂದು ಹೆಜ್ಜೆ ಹಿಂದೆ ಸರಿದಳು. ಆ ಒಂಬತ್ತು ಹೆಸರುಗಳಲ್ಲಿ ಮೂರು ಅವಳಿಗೂ ಗೊತ್ತಿದ್ದವು. ಕಾಲು ತೆಗೆಸಿಬಿಡೋಣ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಲೋಹಿತನ ಕಣ್ಣಿನ ಸುತ್ತಲಿನ ಕಪ್ಪು ಕಾಣಿಸಿತು, ತಿಂಗಳಿಂದ ನಿದ್ದೆ ಮಾಡಿರದ ಕಣ್ಣು. ಇಷ್ಟು ನೊಂದವನಿಗಿಂತ ಹುಷಾರಾಗಿ ತನ್ನಪ್ಪನನ್ನು ಇನ್ಯಾರು ನೋಡಿಕೊಂಡಾರು ಅನ್ನಿಸಿತು. ಅವನ ಕೈಹಿಡಿದು ಎಳೆದು ತಂದು, ಕುರ್ಚಿಯಲ್ಲಿ ಕೂರಿಸಿ, ಕೈಚಕ್ರದ ಮೇಲೆ ಅವನ ಕೈಯಿಟ್ಟಳು.

"ನಾನು ಕೂರಬಾರ್ದು ಅಂತ ತಾನೇ ಇರೋದು? ಪಕ್ಕದಲ್ಲಿ ನಿಂತಿರ್ತೀನಿ. ತಿರುಗ್ಸು."

ಮೊದಲು ತೋಳಿನ ಸರದಿ. ಕಾಲು ತಣ್ಣನೆಯ ತೊಟ್ಟಿಯಲ್ಲಿತ್ತು, ಸೊಂಟದಿಂದ ಕೆಳಗೆ ಮರಗಟ್ಟಿಸಿದ್ದರು. ಎಡತೋಳಿಗೆ ಪಟ್ಟಿ ಬಿಗಿದರು. ಐದು ನಿಮಿಷ ಬಿಗಿ, ಐದು ನಿಮಿಷ ಸಡಿಲ. ಮುದುಕ "ಕೆಟ್ಟಿರೋದು ಕಾಲು, ಹಿಸುಕ್ತಿರೋದು ತೋಳು, ಒಳ್ಳೇ ವೈದ್ಯ ಇದು" ಎಂದು ಗೊಣಗುತ್ತಲೇ ಇದ್ದ. ನಾಲ್ಕು ಸುತ್ತು ಮುಗಿಯಲು ನಲವತ್ತು ನಿಮಿಷ ಹಿಡಿಯಿತು. ಆ ನಲವತ್ತು ನಿಮಿಷದಲ್ಲಿ ನಿಂಗಾಜಮ್ಮ ಗೋಡೆಯ ಗಡಿಯಾರವನ್ನು ನೂರು ಸಲವಾದರೂ ನೋಡಿರಬೇಕು.

ಆಮೇಲೆ ಲೋಹಿತ ಚಕ್ರ ತಿರುಗಿಸಿದ. ಹತ್ತು ಎಣಿಸಿ ಮುಚ್ಚಿದ. ಕಾಲಿನಿಂದ ಮರಳಿ ಬಂದ ಮೊದಲ ನೆತ್ತರು ಕಪ್ಪಾಗಿ, ಆಲೆಮನೆಯ ಕಾಕಂಬಿಯ ಹಾಗೆ ಮಂದವಾಗಿತ್ತು. ತಸ್ಲೀಮಾ ಅದನ್ನು ಮೈಗೆ ಸೇರಿಸದೆ ಪಕ್ಕದ ಚೀಲಕ್ಕೆ ತಿರುಗಿಸಿದಳು, ಎರಡು ಲೋಟದಷ್ಟು. ಮತ್ತೆ ತೆರೆದ, ಮತ್ತೆ ಮುಚ್ಚಿದ. ಯಂತ್ರ "ಹರಿವು ಅಪೂರ್ಣ" ಎಂದು ಒದರಲು ಶುರುಮಾಡಿತು. ಕೆಲಸಕ್ಕೆ ಸೇರಿದಂದಿನಿಂದ ಯಂತ್ರ ಒಂದು ಸಲ ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದ ಲೋಹಿತ, ಕೈ ಚಾಚಿ ಅದರ ದನಿಯನ್ನೇ ಅಡಗಿಸಿದ. ನಿಂಗಾಜಮ್ಮ ಒಂದು ಮಾತನ್ನೂ ಆಡಬೇಕಾಗಲಿಲ್ಲ. ಏಳನೆಯ ಸಲ ಚಕ್ರ ಪೂರಾ ತೆರೆದಾಗ ಹೆಬ್ಬೆರಳಿನ ಉಗುರು ಕೆಂಪಾಯಿತು. ಗಾಜಿನಾಚೆ ಶಿವಮಾದು ಕೈಮುಗಿದ. ಆದರೆ ಒಳಗಿದ್ದ ಮೂವರಲ್ಲಿ ಯಾರೂ ನಗಲಿಲ್ಲ. ಕಾಲು ಕೆಂಪೇರಿದ್ದನ್ನು ಅವರು ಹಿಂದೆಯೂ ಕಂಡಿದ್ದರು.

ಕಾಯುವ ಕೆಲಸ ಶುರುವಾಯಿತು. ಮುದುಕನ ಹೊಟ್ಟೆಯ ಮೇಲೆ ಸದ್ದು ಕೇಳುವ ಸಣ್ಣ ಬಿಲ್ಲೆಯೊಂದನ್ನು ಅಂಟಿಸಿದ್ದರು. ಕರುಳು ಸರಿಯಿದ್ದರೆ ಗುಳುಗುಳು ಅನ್ನುತ್ತದೆ, ವಾಯು ಕೆಳಗಿಳಿಯುತ್ತದೆ. ಗೋಡೆ ಸೋರತೊಡಗಿದರೆ ಕರುಳು ಮುನಿಸಿಕೊಂಡು ಮೌನವಾಗುತ್ತದೆ, ಹೊಟ್ಟೆ ಉಬ್ಬುತ್ತದೆ. ಮೊದಲ ದಿನ ಸದ್ದಿಲ್ಲ. ಅದು ಎಲ್ಲರಿಗೂ ಹಾಗೆಯೇ ಎಂದಳು ತಸ್ಲೀಮಾ. ಎರಡನೆಯ ದಿನವೂ ಸದ್ದಿಲ್ಲ, ಸಂಜೆ ಹೊತ್ತಿಗೆ ಹೊಟ್ಟೆ ಸ್ವಲ್ಪ ಬಿಗಿದಂತೆ ಕಂಡಿತು. ಆಗ ಅವಳು ಹೊಟ್ಟೆಯ ಸುತ್ತಳತೆಯನ್ನು ಮತ್ತೆ ಮತ್ತೆ ಅಳೆದಳು. ಚಿಕ್ಕಹೈದಯ್ಯನ ಬಾಯೂ ನಿಂತಿತ್ತು. ಅಪ್ಪ ಮಾತಾಡದೆ ಮಲಗಿದ್ದನ್ನು ನಿಂಗಾಜಮ್ಮ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹೊರಗಿನ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆಯುವ ನೆಪದಲ್ಲಿ ಅತ್ತು ಬಂದಳು. ಲೋಹಿತ ಮಂಚದ ಪಕ್ಕದ ಸ್ಟೂಲು ಬಿಟ್ಟು ಏಳಲೇ ಇಲ್ಲ. ಶಿವಮಾದು ತಂದ ಊಟ ಹಾಗೆಯೇ ಹಿಂದಕ್ಕೆ ಹೋಯಿತು.

ಮೂರನೆಯ ಬೆಳಗ್ಗೆ ತಸ್ಲೀಮಾ ಇಬ್ಬರು ನರ್ಸುಗಳೊಂದಿಗೆ ವಾರ್ಡಿಗೆ ಬಂದಳು. ಜ್ವರ ನೋಡಿದಳು, ಇರಲಿಲ್ಲ. ಹೊಟ್ಟೆ ಮುಟ್ಟಿದಳು, ನಿನ್ನೆಗಿಂತ ಮೆತ್ತಗಿತ್ತು. ಸ್ಟೆತಾಸ್ಕೋಪನ್ನು ಕಿವಿಗಿಟ್ಟು ಬಗ್ಗಿದಳು. ಅಷ್ಟರಲ್ಲಿ ಯಾವ ಬಿಲ್ಲೆಯೂ ಬೇಕಿಲ್ಲದ, ಯಾವ ಸ್ಟೆತಾಸ್ಕೋಪೂ ಬೇಕಿಲ್ಲದ, ವಾರ್ಡಿನ ಕೊನೆಯ ಮಂಚದವರೆಗೂ ಕೇಳಿಸುವಂಥ ಸದ್ದೊಂದು ಕಂಬಳಿಯ ಅಡಿಯಿಂದ ಬಂತು. ಉದ್ದವಾಗಿ, ಯಾವ ಅವಸರವೂ ಇಲ್ಲದೆ ಬಂತು.

ವಾರ್ಡಿನವರೆಲ್ಲ ತಿರುಗಿ ನೋಡಿದರು. ಮುದುಕನಿಗೆ ನಾಚಿಕೆಯಿಂದ ಎಲ್ಲಿ ಮುಖ ಬಚ್ಚಿಡಬೇಕೋ ತಿಳಿಯಲಿಲ್ಲ. ಓದಿದ ಹೆಣ್ಣುಮಗಳ ಎದುರಿಗೆ ಹೀಗಾಯಿತಲ್ಲ ಎಂದು ಕಂಬಳಿಯನ್ನು ಮೂಗಿನವರೆಗೂ ಎಳೆದುಕೊಂಡ. ಆದರೆ ಆ ಓದಿದ ಹೆಣ್ಣುಮಗಳು "ಆತ್ರೀ! ಕರುಳು ಎದ್ದೈತ್ರೀ! ಗೆದ್ವಿ!" ಎಂದು ಕಿರುಚಿ ಚಪ್ಪಾಳೆ ತಟ್ಟಿದಳು. ನರ್ಸುಗಳೂ ತಟ್ಟಿದರು, ಏನೆಂದು ತಿಳಿಯದೆ ಪಕ್ಕದ ಮಂಚದವರೂ ತಟ್ಟಿದರು. ನಿಂಗಾಜಮ್ಮ ಅಪ್ಪನ ಕಾಲನ್ನು, ಆ ಬೆಚ್ಚನೆಯ ಬಲಗಾಲನ್ನು, ಎರಡೂ ಕೈಯಲ್ಲಿ ಹಿಡಿದುಕೊಂಡು ಅಳುತ್ತ ನಗುತ್ತ ನಿಂತಳು.

ಲೋಹಿತ ಮಾತ್ರ ಸ್ಟೂಲಿನಿಂದ ಜಾರಿ, ನೆಲದ ಮೇಲೆ ಮಂಚಕ್ಕೆ ಹಣೆಯಾನಿಸಿ, ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅಳತೊಡಗಿದ. ಒಂದು ತಿಂಗಳು ತಡೆದದ್ದೆಲ್ಲ ಒಮ್ಮೆಗೇ ಬಂದಿತ್ತು. ಚಿಕ್ಕಹೈದಯ್ಯ ಕಂಬಳಿಯಿಂದ ಕೈ ಹೊರಗೆ ಹಾಕಿ ಅವನ ತಲೆ ಸವರಿದ.

"ಅಳ್ಬೇಡ ಕಣ್ಲಾ ಮಗ," ಎಂದ ಮೆಲ್ಲಗೆ, "ವಾಸ್ನೆ ಈಗ ಹೋಯ್ತದೆ ಬುಡು."